ಹೊಳೆಯ ಕಲ್ಲಿನಿಂದ ಬಚ್ಚಲಿಗೆ

ಕನ್ನಡದಲ್ಲಿ ಪಾತ್ರೆಯನ್ನು ತೊಳೆಯುತ್ತಾರೆ, ನೆಲವನ್ನು ತೊಳೆಯುತ್ತಾರೆ, ಕೈಕಾಲು ತೊಳೆಯುತ್ತಾರೆ. ಬಟ್ಟೆಯನ್ನು ಮಾತ್ರ ಒಗೆಯುತ್ತಾರೆ. ಧಾರವಾಡ, ವಿಜಯಪುರದ ಕಡೆ ಒಗೆ ಎಂದರೆ ಎಸೆ, ಬಿಸಾಡು ಎಂದು ಇವತ್ತಿಗೂ ಅರ್ಥ. ಒದ್ದೆ ಬಟ್ಟೆಯನ್ನು ಹೆಗಲ ಮೇಲಿಂದ ಬೀಸಿ ಕಲ್ಲಿಗೆ ಎಸೆಯುವ ಆ ಒಂದು ಬೀಸೇ ಇಡೀ ಕೆಲಸದ ಹೆಸರಾಗಿ ನಿಂತಂತಿದೆ. ಸೆಣೆ, ಕುಕ್ಕು ಎಂಬ ಮಾತುಗಳಲ್ಲೂ ಕೇಳುವುದು ಬಡಿತದ ಸದ್ದೇ. ಹಾಗೆ ಬೀಸಲು ಓರೆಯಾಗಿ ಕೂರಿಸಿದ ಕಲ್ಲು ಬೇಕು, ತೋಳು ಚಾಚುವಷ್ಟು ಬಯಲು ಬೇಕು, ಧಾರಾಳ ನೀರು ಬೇಕು, ಒಗೆದದ್ದನ್ನು ಹರವಲು ಬಿಸಿಲು ಬೀಳುವ ಜಾಗ ಬೇಕು. ಎರಡು ಕೋಣೆಯ ಮನೆಯಲ್ಲಿ ಈ ನಾಲ್ಕರಲ್ಲಿ ಒಂದೂ ಸಿಗುವುದು ಕಷ್ಟ. ಆದರೂ ನೂರಿಪ್ಪತ್ತು ವರ್ಷಗಳಿಂದೀಚೆಗೆ ಈ ಬಯಲಿನ ಕೆಲಸ ಕರ್ನಾಟಕದ ಪಟ್ಟಣಗಳಲ್ಲಿ ಮನೆಯ ಬಚ್ಚಲಿಗೆ ಬಂದು ಕೂತಿತು. ಬಂದದ್ದು ಒಂದೇ ಸಲಕ್ಕಲ್ಲ. ಕೊಳಾಯಿಯ ನೀರು, ಬಾಡಿಗೆಯ ಮನೆ, ಸೋಪು, ಹೊಸ ನೂಲು ಒಂದೊಂದೂ ಅದನ್ನು ಒಂದೊಂದು ಹೆಜ್ಜೆ ಒಳಕ್ಕೆ ತಂದವು.

ಹಳ್ಳಿಗಳಲ್ಲಿ ಒಗೆತದ ಜಾಗ ಮನೆಯಿಂದ ದೂರವೇ ಇರುತ್ತಿತ್ತು. ಕುಡಿಯುವ ನೀರಿನ ಬಾವಿಯ ಹತ್ತಿರ ಮೈಲಿಗೆ ಬಟ್ಟೆ ತರುವಂತಿರಲಿಲ್ಲ. ಕೆರೆಯ ಕೋಡಿ, ತೂಬಿನ ಕೆಳಗಿನ ಕಾಲುವೆ, ಹೊಳೆಯ ಹಾಸುಬಂಡೆ, ಮಳೆ ಬಂದಾಗ ತುಂಬುವ ಹಳ್ಳ, ಇವು ಒಗೆತದ ನೆಲೆಗಳು. ಹೆಂಗಸರು ಬೆಳಗ್ಗೆ ಬಟ್ಟೆಯ ಗಂಟು ಹೊತ್ತು ಹೋಗಿ, ಒಗೆದು, ಮರಳಿನ ಮೇಲೋ ಬೇಲಿಯ ಮೇಲೋ ಕಾದ ಬಂಡೆಯ ಮೇಲೋ ಹರವಿ, ಗಾಳಿಗೆ ಹಾರದಂತೆ ಮೂಲೆಗೊಂದು ಕಲ್ಲು ಹೇರಿ, ತಂದ ಬುತ್ತಿ ಉಂಡು, ಒಣಗಿದ್ದನ್ನು ಮಡಿಚಿಕೊಂಡು ಇಳಿಹೊತ್ತಿಗೆ ಮರಳುತ್ತಿದ್ದರು. ಹೋಗುವಾಗ ಒಣಗಿದ್ದ ಗಂಟು ಬರುವಾಗಲೂ ಒಣಗಿಯೇ ಬರುತ್ತಿತ್ತು. ಒದ್ದೆ ಬಟ್ಟೆಯನ್ನು ಮನೆಯೊಳಗೆ ಎಲ್ಲಿ ಹಾಕುವುದು ಎಂಬ ಪ್ರಶ್ನೆ ಏಳುತ್ತಲೇ ಇರಲಿಲ್ಲ. ಉತ್ತರ ಕರ್ನಾಟಕದಲ್ಲಿ ದಸರೆಯ ಮುಂಚೆ ಈ ನೋಟ ಇನ್ನೂ ಉಳಿದಿದೆ. ಘಟಸ್ಥಾಪನೆಗೆ ಮೊದಲು ಮನೆಯ ಕೌದಿ, ಹಾಸಿಗೆ, ಹೊದಿಕೆಗಳನ್ನೆಲ್ಲ ಚಕ್ಕಡಿಯಲ್ಲೋ ಟ್ರ್ಯಾಕ್ಟರಿನಲ್ಲೋ ಹೇರಿಕೊಂಡು ಮನೆಮಂದಿಯೆಲ್ಲ ಕೃಷ್ಣಾ, ಘಟಪ್ರಭಾ, ಮಲಪ್ರಭಾ ದಂಡೆಗೆ ಹೋಗುತ್ತಾರೆ. ನೀರು ಕುಡಿದ ಕೌದಿಯನ್ನು ಒಬ್ಬರಿಂದ ಎತ್ತಲಾಗದು. ಇಬ್ಬರು ಎರಡು ತುದಿ ಹಿಡಿದು ಎದುರುಬದುರಾಗಿ ತಿರುವಿ ಹಿಂಡಬೇಕು. ಸೀರೆಯ ಹಳೆ ತುಂಡುಗಳನ್ನು ಪದರ ಪದರವಾಗಿ ಹೊಲಿದ ಆ ಹೊದಿಕೆ ದಡದ ಮೇಲೆ ಒಣಗುವಾಗ ನದಿಯ ಉದ್ದಕ್ಕೂ ಬಣ್ಣದ ಚೌಕಗಳು ಹರಡಿಕೊಂಡಿರುತ್ತವೆ.

ಒಗೆಯುವ ಕಲ್ಲಿಗೆ ಬೇಕಾದದ್ದು ಅಗಲ, ನುಣುಪು ಮತ್ತು ಸ್ವಲ್ಪ ಇಳಿಜಾರು. ಊರಿನಲ್ಲಿ ಅಂಥ ಕಲ್ಲು ಎಲ್ಲಿ ಸಿಕ್ಕರೂ ನೀರಿನ ಬಳಿಗೆ ಬರುತ್ತಿತ್ತು. ಪಾಳುಬಿದ್ದ ಗುಡಿಯ ಚಪ್ಪಡಿ, ಬಿದ್ದ ವೀರಗಲ್ಲು, ಅಕ್ಷರ ಕೊರೆದ ಶಾಸನದ ಕಲ್ಲು ಕೂಡ ಒಗೆಯುವ ಕಲ್ಲಾಗಿ ಸವೆದದ್ದುಂಟು. ಶಾಸನ ಹುಡುಕಿಕೊಂಡು ಹಳ್ಳಿ ತಿರುಗುವವರು ಕೆರೆಯ ದಡದಲ್ಲಿ ಮೊದಲು ಬಗ್ಗಿ ನೋಡುವುದು ಇದೇ ಕಾರಣಕ್ಕೆ.

ಊರಿನ ಬಟ್ಟೆಯಲ್ಲಿ ದೊಡ್ಡ ಪಾಲನ್ನು ಒಗೆಯುತ್ತಿದ್ದವರು ಅಗಸರು. ಹಳಗನ್ನಡದಲ್ಲಿ ಈ ಮಾತು ಅಸಗ; ಅಕ್ಷರ ಹಿಂದುಮುಂದಾಗಿ ಅಗಸ ಆಯಿತು. ವರ್ಧಮಾನ ಚರಿತೆ ಬರೆದ ಜೈನ ಕವಿಯ ಹೆಸರೂ ಅಸಗ ಎಂದೇ. ಇನ್ನೊಂದು ಹೆಸರು ಮಡಿವಾಳ, ಮಡಿ ಮಾಡುವವನು. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನ ಸಮಕಾಲೀನನಾಗಿ ಕಲ್ಯಾಣದಲ್ಲಿದ್ದ ಮಡಿವಾಳ ಮಾಚಿದೇವ ಈಗಿನ ವಿಜಯಪುರ ಜಿಲ್ಲೆಯ ದೇವರ ಹಿಪ್ಪರಗಿಯವನು. ಶರಣರ ಬಟ್ಟೆಯನ್ನಷ್ಟೇ ಒಗೆಯುವ ವ್ರತ ಹಿಡಿದವನೆಂದು ಶರಣರ ಕಥೆಗಳು ಅವನನ್ನು ನೆನೆಯುತ್ತವೆ. ಕಲಿದೇವರದೇವ ಎಂಬ ಅಂಕಿತದಲ್ಲಿ ಅವನ ವಚನಗಳಿವೆ. ಕೊಳೆ ಬಟ್ಟೆ ಮುಟ್ಟುವ ಕೈಯನ್ನು ಕೀಳೆಂದು ಎಣಿಸಿದ ಸಮಾಜದಲ್ಲಿ ಆ ಕೈಯೇ ವಚನ ಬರೆದು, ಯಾರ ಬಟ್ಟೆ ಮುಟ್ಟಬೇಕು ಎಂಬುದನ್ನು ತಾನೇ ನಿರ್ಧರಿಸಿದ್ದು ಸಣ್ಣ ಸಂಗತಿಯಲ್ಲ.

ಅಗಸರಿಗೆ ಸಂಬಳವಿರಲಿಲ್ಲ, ಆಯವಿತ್ತು. ಕುಂಬಾರ, ಕಮ್ಮಾರ, ಹಜಾಮರ ಜೊತೆಗೆ ಅವರೂ ಊರಿನ ಆಯಗಾರರಲ್ಲಿ ಒಬ್ಬರು. ಸುಗ್ಗಿಯಲ್ಲಿ ಕಣಕ್ಕೆ ಹೋದರೆ ರೈತ ಇಷ್ಟೆಂದು ಧಾನ್ಯ ಅಳೆಯುತ್ತಿದ್ದ. ಹಬ್ಬಕ್ಕೆ ಅಡುಗೆ ಕೊಡುತ್ತಿದ್ದರು. ಅದಕ್ಕೆ ಬದಲಾಗಿ ವರ್ಷವಿಡೀ ಒಗೆತ. ಅಷ್ಟಕ್ಕೇ ಮುಗಿಯುತ್ತಿರಲಿಲ್ಲ. ಮದುವೆಯ ಚಪ್ಪರಕ್ಕೆ ಮೇಲುಕಟ್ಟು ಕಟ್ಟುವುದು, ದೇವರ ಮೆರವಣಿಗೆಗೆ ಪಂಜು ಹಿಡಿಯುವುದು, ನಡೆಯುವ ದಾರಿಗೆ ಮಡಿ ಹಾಸುವುದು ಅವರ ಪಾಲಿಗೆ ಬಂದ ಕೆಲಸ. ಹೆರಿಗೆಯ ಬಟ್ಟೆ, ಮೈನೆರೆದ ಹುಡುಗಿಯ ಬಟ್ಟೆ, ಸಾವಿನ ಮನೆಯ ಬಟ್ಟೆ ಇವೂ ಅವರ ಗಂಟಿಗೇ ಸೇರುತ್ತಿದ್ದವು. ಮನೆಯವರು ಮುಟ್ಟಲು ಹಿಂಜರಿದದ್ದನ್ನೆಲ್ಲ ಅವರು ಮುಟ್ಟಬೇಕಿತ್ತು.

ಆದರೆ ಅಗಸರ ಗಂಟಿಗೆ ಊರಿನ ಎಲ್ಲರ ಬಟ್ಟೆಯೂ ಸೇರುತ್ತಿರಲಿಲ್ಲ. ಅಸ್ಪೃಶ್ಯರೆಂದು ಊರಾಚೆ ಇಟ್ಟವರ ಬಟ್ಟೆಯನ್ನು ಒಗೆಯಬಾರದೆಂಬ ಕಟ್ಟಿತ್ತು. ಕೂಲಿಯವರು ಆಯ ಕೊಡಲು ಕಣವೇ ಇಲ್ಲದವರು. ಹೀಗಾಗಿ ತನ್ನ ಬಟ್ಟೆಯನ್ನು ತಾನೇ ಒಗೆದುಕೊಳ್ಳುವ ಪದ್ಧತಿ ಅತಿ ಹಳೆಯದಾಗಿ ಇದ್ದದ್ದು ಊರಿನ ಅತಿ ಚಿಕ್ಕ ಮನೆಗಳಲ್ಲಿ. ಉಟ್ಟದ್ದೊಂದು, ಬದಲಿಗೆ ಒಂದು, ಕೆಲವೊಮ್ಮೆ ಬದಲಿಗೂ ಇಲ್ಲದ ಸಂಸಾರದಲ್ಲಿ ಸೀರೆಯ ಅರ್ಧವನ್ನು ಉಟ್ಟುಕೊಂಡು ಉಳಿದರ್ಧವನ್ನು ಒಗೆದು, ಅದು ಗಾಳಿಗೆ ಒಣಗಿದ ಮೇಲೆ ತಿರುಗಿಸಿ ಉಟ್ಟು ಮಿಕ್ಕದ್ದನ್ನು ಒಗೆಯುತ್ತಿದ್ದರು. ಪಟ್ಟಣದ ಮಧ್ಯಮವರ್ಗ ಇಪ್ಪತ್ತನೆಯ ಶತಮಾನದಲ್ಲಿ ಕಲಿತ ಕೆಲಸವನ್ನು ಈ ಮನೆಗಳು ಶತಮಾನಗಳಿಂದ ಮಾಡುತ್ತಿದ್ದವು. ಒಗೆತದ ಚರಿತ್ರೆ ಹೇಳುವಾಗ ಇದನ್ನು ಮರೆಯುವುದೇ ಹೆಚ್ಚು.

ಸೋಪಿಲ್ಲದ ಕಾಲದಲ್ಲಿ ಕೊಳೆ ಬಿಡಿಸುತ್ತಿದ್ದದ್ದು ಸೌಳು. ಬಯಲುಸೀಮೆಯ ತಗ್ಗು ಜಮೀನುಗಳಲ್ಲಿ ಬೇಸಿಗೆ ಬಂತೆಂದರೆ ನೆಲದ ಮೇಲೆ ಬೆಳ್ಳಗೆ ಉಪ್ಪಿನಂಥ ಪದರ ಏಳುತ್ತದೆ. ಅದೇ ಸೌಳುಮಣ್ಣು, ಸೋಡಾ ಸೇರಿದ ಮಣ್ಣು. ಬೆಳೆಗೆ ಶತ್ರುವಾದ ಆ ಕ್ಷಾರ ಬಟ್ಟೆಗೆ ಮಿತ್ರ. ಚಿತ್ರದುರ್ಗ ಸೀಮೆಯ ಮತ್ತೋಡಿನಲ್ಲಿ ಇಂಥದೇ ಮಣ್ಣಿನಿಂದ ಗಾಜು ಕರಗಿಸಿ ಬಳೆ ಮಾಡುತ್ತಿದ್ದುದನ್ನು 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಬರೆದಿಟ್ಟಿದ್ದಾನೆ. ಅಗಸರು ಆ ಮಣ್ಣನ್ನು ಕೆರೆದು ಕತ್ತೆಯ ಮೇಲೆ ಹೇರಿ ತಂದು, ನೀರಿನಲ್ಲಿ ಕದಡಿ, ಬಟ್ಟೆಯನ್ನು ಅದ್ದಿ ಉಬ್ಬೆ ಹಾಕುತ್ತಿದ್ದರು. ದೊಡ್ಡ ಗುಡಾಣದಲ್ಲಿ ನೀರು ಕುದಿಯುತ್ತಿರುವಾಗ ಸೌಳು ಕುಡಿದ ಬಟ್ಟೆಗಳನ್ನು ಅದರ ಬಾಯಿಯ ಸುತ್ತ ಗೋಪುರದಂತೆ ಒಟ್ಟಿ, ಮೇಲೆ ಮುಚ್ಚಿ, ರಾತ್ರಿಯಿಡೀ ಹಬೆಯಲ್ಲಿ ಬೇಯಿಸುವುದೇ ಉಬ್ಬೆ. ಮೈಯ ಜಿಡ್ಡಿನೊಂದಿಗೆ ಕ್ಷಾರ ಬಿಸಿಯಲ್ಲಿ ಸೇರಿದರೆ ನೂಲಿನೊಳಗೇ ಅಷ್ಟಿಷ್ಟು ಸೋಪು ಹುಟ್ಟುತ್ತದೆ. ಬೆಳಗ್ಗೆ ಕಲ್ಲಿಗೆ ನಾಲ್ಕು ಬಾರಿ ಬೀಸಿದರೆ ಕೊಳೆ ತಾನಾಗಿ ಬಿಡುತ್ತಿತ್ತು.

ಹತ್ತಾರು ಮನೆಯ ಬಟ್ಟೆ ಒಂದೇ ಉಬ್ಬೆಯಲ್ಲಿ ಬೆಂದರೂ ಅದಲುಬದಲಾಗುತ್ತಿರಲಿಲ್ಲ. ಕರಿಗೇರಿನ ಕಾಯಿಗೆ ಸೂಜಿ ಚುಚ್ಚಿ, ಅದರ ರಸದಿಂದ ಬಟ್ಟೆಯ ಅಂಚಿನಲ್ಲಿ ಮನೆಗೊಂದು ಗುರುತು ಹಾಕಿ, ಸುಣ್ಣ ಸವರಿದರೆ ಕಪ್ಪು ಅಚ್ಚಾಗಿ ಕೂರುತ್ತದೆ. ಬಟ್ಟೆ ಹರಿದರೂ ಗುರುತು ಹೋಗದು. ಎರಡು ಚುಕ್ಕೆ, ಒಂದು ಗೀಟು, ಒಂದು ಕೊಕ್ಕೆ: ಅಕ್ಷರ ಬಾರದವರು ತಮಗಾಗಿ ಮಾಡಿಕೊಂಡ ಈ ಲಿಪಿಯನ್ನು ಆ ಅಗಸರ ಮನೆಮಂದಿ ಹೊರತು ಬೇರೆಯವರು ಓದಲಾರರು.

ಮನೆಗಳಲ್ಲಿ ಅಂಟುವಾಳದ ಕಾಯಿಯೂ ಸೀಗೆಕಾಯಿಯೂ ಇರುತ್ತಿದ್ದವು. ಅಂಟುವಾಳದ ಸಿಪ್ಪೆಯನ್ನು ಬಿಸಿನೀರಿನಲ್ಲಿ ನೆನೆಹಾಕಿ ಕಿವುಚಿದರೆ ನೊರೆ ಬರುತ್ತದೆ. ಸೌಳಿನ ಹಾಗೆ ಅದು ಕ್ಷಾರವಲ್ಲ; ಆದ್ದರಿಂದ ಕ್ಷಾರಕ್ಕೆ ಹೊಳಪು ಕಳೆದುಕೊಳ್ಳುವ ರೇಷ್ಮೆಗೆ ಅದೇ ಸರಿ. ಮದುವೆಯ ಪಟ್ಟೆಸೀರೆಯನ್ನು ಅಗಸರಿಗೂ ಕೊಡದೆ, ಸೋಪೂ ಹಾಕದೆ, ಅಂಟುವಾಳದ ನೀರಿನಲ್ಲಿ ಅದ್ದಿ ನೆರಳಿನಲ್ಲಿ ಒಣಗಿಸುವ ಮನೆಗಳು ಈಗಲೂ ಇವೆ.

ಆಚಾರವಂತರ ಮನೆಯಲ್ಲಿ ಹೊರಗೆ ಕೊಡದೆ ಉಳಿದ ಬಟ್ಟೆ ಇನ್ನೊಂದಿತ್ತು: ಮಡಿಬಟ್ಟೆ. ಮಡಿ ಎಂಬ ಮಾತಿಗೆ ಶುಭ್ರ ಎಂಬ ಅರ್ಥವೂ ಇದೆ, ಮುಟ್ಟದ ಶುದ್ಧ ಎಂಬ ಅರ್ಥವೂ ಇದೆ. ಇವೆರಡೂ ಒಂದೇ ಅಲ್ಲ. ಅಗಸರಿಂದ ಬಂದ ಪಂಚೆ ಹಾಲಿನಂತೆ ಬೆಳ್ಳಗಿದ್ದರೂ ಮಡಿಯಾಗುತ್ತಿರಲಿಲ್ಲ. ಅದನ್ನು ಮತ್ತೆ ಬಾವಿಯ ನೀರಿನಲ್ಲಿ ಅದ್ದಿ ಹಿಂಡಿ ಒಣಹಾಕಬೇಕು. ಒಣಹಾಕುವುದು ಮನೆಯೊಳಗೆ, ತೊಲೆಗೆ ಇಳಿಬಿಟ್ಟ ಬಿದಿರ ಗಳದ ಮೇಲೆ, ಯಾರ ಕೈಯೂ ತಲೆಯೂ ತಾಗದ ಎತ್ತರದಲ್ಲಿ. ಹಾಕಲು ತೆಗೆಯಲು ಉದ್ದನೆಯ ಮಡಿಕೋಲು. ಬೆಳಗಿನ ಜಾವ ಒದ್ದೆ ಸೀರೆಯ ನಡುವನ್ನು ಕೋಲಿನ ತುದಿಗೆ ಸಿಕ್ಕಿಸಿ, ಗಳದ ಮೇಲೆ ಎಸೆದು, ಎರಡೂ ಕಡೆ ಸಮವಾಗಿ ಇಳಿಯುವಂತೆ ಕೋಲಿನಲ್ಲೇ ಬಿಡಿಸುವುದು ಅಭ್ಯಾಸದಿಂದ ಮಾತ್ರ ಬರುವ ಕೈಚಳಕ. ಮನೆಯ ಸೂರಿನ ಕೆಳಗೆ ಬಟ್ಟೆ ಒಣಗಿಸುವ ರೂಢಿ ಇಂಥ ಮನೆಗಳಿಗೆ ಬಂದದ್ದು ಜಾಗವಿಲ್ಲದ್ದಕ್ಕಲ್ಲ, ಮಡಿಗಾಗಿ. ಮುಂದೆ ಪಟ್ಟಣದಲ್ಲಿ ಜಾಗವೇ ಇಲ್ಲವಾದಾಗ ಅದೇ ಗಳ ಎಲ್ಲ ಬಟ್ಟೆಗೂ ಆಯಿತು.

ಪಟ್ಟಣದ ಬದುಕು ಬೆಂಗಳೂರಿನಲ್ಲಿ ಬೇಗ ಇಕ್ಕಟ್ಟಾಯಿತು. 1890ರ ದಶಕದ ಮಧ್ಯದಲ್ಲಿ ಹೆಸರಘಟ್ಟದ ನೀರು ಕೊಳವೆಯಲ್ಲಿ ಪೇಟೆಗೆ ಬಂತು. 1898ರ ಪ್ಲೇಗಿನ ಹೊಡೆತಕ್ಕೆ ಜನ ಬಸವನಗುಡಿ, ಮಲ್ಲೇಶ್ವರದ ಹೊಸ ಬಡಾವಣೆಗಳಿಗೆ ಸರಿದರು. ಸರ್ಕಾರಿ ಕಚೇರಿ, ಗಿರಣಿ, ಶಾಲೆಗಳ ಕೆಲಸ ಹಿಡಿದು ಬಂದವರಿಗೆ ದೊಡ್ಡ ನಿವೇಶನದ ಉದ್ದಕ್ಕೂ ಸಾಲಾಗಿ ಎದ್ದ ವಠಾರಗಳು ಬಾಡಿಗೆಗೆ ಸಿಕ್ಕವು. ಒಂದು ನಡುಮನೆ, ಒಂದು ಅಡುಗೆಮನೆ. ಅಡುಗೆಮನೆಯ ಮೂಲೆಯಲ್ಲೇ ಮೊಣಕಾಲೆತ್ತರದ ಕಟ್ಟೆ ಕಟ್ಟಿದ ಬಚ್ಚಲು. ವಠಾರದ ಹಿತ್ತಲಲ್ಲಿ ಒಂದು ಬಾವಿ, ಒಂದು ನಲ್ಲಿ, ಒಂದು ಒಗೆಯುವ ಕಲ್ಲು ಎಲ್ಲರಿಗೂ ಸೇರಿದ್ದು. ಇಲ್ಲಿ ಆಯದ ಅಗಸನಿಲ್ಲ. ಇದ್ದವನು ಲೆಕ್ಕ ಬರೆದುಕೊಂಡು, ಬಟ್ಟೆಗಿಷ್ಟೆಂದು ಕಾಸು ಪಡೆಯುವ ದೋಬಿ. ತಿಂಗಳ ಸಂಬಳದಲ್ಲಿ ಕಚೇರಿಯ ಕೋಟು, ಪಂಚೆ ಅವನಿಗೆ ಹೋದವು. ಉಳಿದ ಸೀರೆ, ಲಂಗ, ಮಕ್ಕಳ ಬಟ್ಟೆ ಮನೆಯ ಹೆಂಗಸಿನ ಪಾಲಿಗೆ ಬಂದವು. ಹಳ್ಳಿಯಲ್ಲಿ ವಾರಕ್ಕೊಮ್ಮೆ ನಡೆಯುತ್ತಿದ್ದ ಕೆಲಸ ದಿನವೂ ಮಾಡಬೇಕಾದದ್ದಾಯಿತು, ಏಕೆಂದರೆ ವಾರದ ಬಟ್ಟೆಯನ್ನು ಒಟ್ಟಿಗೆ ಒಣಗಿಸಲು ವಠಾರದಲ್ಲಿ ಜಾಗವಿರಲಿಲ್ಲ.

ನಲ್ಲಿಯ ನೀರಿಗೆ ಹೊತ್ತಿತ್ತು. ನಸುಕಿನಲ್ಲಿ ಬಂದು ಬಿಸಿಲೇರುವ ಮೊದಲು ನಿಲ್ಲುವ ನೀರಿನಲ್ಲಿ ಎಲ್ಲ ಮನೆಯವರೂ ಕುಡಿಯುವುದಕ್ಕೆ ಹಿಡಿದು, ಸ್ನಾನಕ್ಕೆ ಹಿಡಿದು, ಮಿಕ್ಕರೆ ಕಲ್ಲಿನ ಬಳಿ ಕೂರಬೇಕು. ಯಾರ ಸರದಿ, ಯಾರ ಸೋಪಿನ ನೀರು ಯಾರ ಹೊಸಿಲಿಗೆ ಹರಿಯಿತು ಎಂಬುದಕ್ಕೆ ಜಗಳಗಳಾಗುತ್ತಿದ್ದವು. ಕಷ್ಟಸುಖದ ಮಾತು ನಡೆಯುತ್ತಿದ್ದದ್ದೂ ಅದೇ ಕಲ್ಲಿನ ಸುತ್ತ. 1933ರಲ್ಲಿ ತಿಪ್ಪಗೊಂಡನಹಳ್ಳಿಯ ನೀರು, 1974ರಲ್ಲಿ ಕಾವೇರಿ ನೀರು ಬಂದವು. ಬೆಳೆಯುವ ಊರಿಗೆ ಯಾವುದೂ ಸಾಲಲಿಲ್ಲ. ಆದ್ದರಿಂದ ಚಿಕ್ಕ ಮನೆಯ ಒಗೆತ ಕಲಿತ ಮೊದಲ ಪಾಠ ನೀರನ್ನು ಮತ್ತೆ ಬಳಸುವುದು. ಮೊದಲು ಬಿಳಿಯವು, ಆಮೇಲೆ ಬಣ್ಣದವು, ಕೊನೆಗೆ ಕಾಲೊರಸು ಒಂದೇ ಸೋಪಿನ ನೀರಿನಲ್ಲಿ. ಕೊನೆಯ ಜಾಲಾಟದ ತಿಳಿನೀರು ನಾಳೆಯ ನೆನೆಹಾಕುವಿಕೆಗೆ. ಉಳಿದದ್ದು ಬಚ್ಚಲಿನ ನೆಲಕ್ಕೆ.

ಸೋಪು ಈ ಹೊತ್ತಿಗೆ ಬಂದಿತ್ತು. 1888ರಲ್ಲಿ ಇಂಗ್ಲೆಂಡಿನ ಲಿವರ್ ಬ್ರದರ್ಸ್ ಕಂಪನಿಯ ಸನ್‌ಲೈಟ್ ಸೋಪಿನ ಪೆಟ್ಟಿಗೆಗಳು ಕಲ್ಕತ್ತೆಯ ಬಂದರಿನಲ್ಲಿ ಇಳಿದವು. 1917ರಲ್ಲಿ ಕೊಚ್ಚಿಯಲ್ಲಿ ಶುರುವಾದ ಟಾಟಾ ಆಯಿಲ್ ಮಿಲ್ಸ್‌ನ 501 ಬಾರ್ ಸೋಪು ದಕ್ಷಿಣದ ಮನೆಗಳಲ್ಲಿ ಬಹುಕಾಲ ಉಳಿಯಿತು. ಮೈಸೂರು ಸಂಸ್ಥಾನದ ಸೋಪು ಕಾರ್ಖಾನೆ 1918ರ ಹೊತ್ತಿಗೆ ಶ್ರೀಗಂಧದ ಸೋಪು ಹೊರತಂದಿತಾದರೂ ಅದು ಮೈಗೆ. ಬಟ್ಟೆಗೆ ಬೇಕಾದದ್ದು ಒರಟು, ಅಗ್ಗದ ಬಾರು. ಅಂಗಡಿಯವನು ಆ ಉದ್ದನೆಯ ಬಾರನ್ನು ದಾರದಿಂದ ಕೊಯ್ದು ತುಂಡು ಮಾರುತ್ತಿದ್ದ. ಮನೆಗೆ ತಂದ ತುಂಡನ್ನು ಕೂಡಲೇ ಬಳಸದೆ ಗೂಡಿನಲ್ಲಿ ಕೆಲವು ದಿನ ಒಣಗಿಸುತ್ತಿದ್ದರು. ಹಸಿ ಸೋಪು ನೀರಿನಲ್ಲಿ ಬೇಗ ಕರಗುತ್ತದೆ, ಒಣಗಿದ್ದು ಹೆಚ್ಚು ದಿನ ಬಾಳುತ್ತದೆ. ನಾಲ್ಕು ಗ್ಯಾಲನ್ನಿನ ಸೀಮೆಎಣ್ಣೆಯ ತಗಡಿನ ಡಬ್ಬದ ಮೇಲ್ಭಾಗ ಕೊಯ್ದು ಮರದ ಹಿಡಿ ಬಡಿದರೆ ಅದೇ ಬಕೀಟು. ಬಚ್ಚಲೊಲೆಯ ಮೇಲಿಟ್ಟು ಸೋಡಾ ಪುಡಿಯ ಜೊತೆ ಪಂಚೆ ಬೇಯಿಸಿದರೆ ಅದೇ ಮನೆಯ ಉಬ್ಬೆ.

ಸೋಪು ಬಂದ ಮೇಲೆ ಮನೆಯವರು ಗಮನಿಸಿದ ಒಂದು ಸಂಗತಿ ಅರಿಶಿನದ್ದು. ಸೀರೆಯ ಅಂಚಿಗೆ ತಾಗಿದ ಹಳದಿ ಕಲೆಗೆ ಸೋಪು ಹಚ್ಚಿದ ಕೂಡಲೇ ಅದು ರಕ್ತದಂತೆ ಕೆಂಪಾಗುತ್ತದೆ. ಗಾಬರಿಯಾಗಿ ಉಜ್ಜಿದರೆ ಹೋಗದು. ಕ್ಷಾರ ತಾಗಿದರೆ ಅರಿಶಿನದ ಬಣ್ಣ ಕೆಂಪಿಗೆ ತಿರುಗುತ್ತದೆ, ಅಷ್ಟೆ. ಜಾಲಿಸಿದ ಮೇಲೆ ಮತ್ತೆ ಹಳದಿ. ಅದನ್ನು ತೆಗೆಯುವುದು ಸೋಪಲ್ಲ, ಬಿಸಿಲು. ಒದ್ದೆಯಾಗಿಯೇ ಬಿಸಿಲಿಗೆ ಹಾಕಿದರೆ ಸಂಜೆಗೆ ಕಲೆ ಮಾಯ. ಬಾಳೆಯ ಸೊನೆಗೆ, ಎಳೆ ಅಡಿಕೆಯ ಚೊಗರಿಗೆ ಬಿಸಿಲೂ ಇಲ್ಲ ಸೋಪೂ ಇಲ್ಲ. ಮಲೆನಾಡಿನ ತೋಟದ ಕೆಲಸಕ್ಕೆ ಬೇರೆ ಬಟ್ಟೆ ಇಟ್ಟುಕೊಳ್ಳುವುದು ಅದಕ್ಕೇ.

ಬಿಳಿ ಬಟ್ಟೆಗೆ ಸೋಪಿನ ಮೇಲೆ ಎರಡು ಕೆಲಸ ಉಳಿಯುತ್ತಿದ್ದವು, ನೀಲಿ ಮತ್ತು ಗಂಜಿ. ಹತ್ತಿ ಒಗೆದಷ್ಟೂ ತುಸು ಹಳದಿಗೆ ತಿರುಗುತ್ತದೆ. ಚಿಟಿಕೆ ನೀಲಿ ಸೇರಿದರೆ ಕಣ್ಣಿಗೆ ಬಿಳಿ ಕಾಣುತ್ತದೆ. ರಾಬಿನ್ ನೀಲಿಯ ಪುಡಿ ನೀರಿನಲ್ಲಿ ಕರಗುವುದಿಲ್ಲ, ತೇಲಿ ತಳ ಸೇರುತ್ತದೆ. ಅದನ್ನು ಚಿಂದಿಯಲ್ಲಿ ಗಂಟುಕಟ್ಟಿ ನೀರಿನಲ್ಲಿ ಆಡಿಸಬೇಕು, ಬಟ್ಟೆಯನ್ನು ಪೂರ್ತಿ ಬಿಡಿಸಿ ಒಂದೇ ಸಲ ಮುಳುಗಿಸಿ ಎತ್ತಬೇಕು. ತಡವಾದರೆ ನೀಲಿ ಮಚ್ಚೆ ಕೂರುತ್ತದೆ. 1983ರಲ್ಲಿ ಕೇರಳದ ತ್ರಿಶೂರಿನ ಕಡೆಯಿಂದ ಬಂದ ಉಜಾಲಾ ಎಂಬ ದ್ರವ ಈ ಮಚ್ಚೆಯ ಭಯ ತೆಗೆಯಿತು. ನಾಲ್ಕು ಹನಿ ಸಾಕಾಯಿತು. ಗಂಜಿಗೆ ಅನ್ನ ಬಸಿದ ತಿಳಿ ಇತ್ತು, ಇಲ್ಲದ ದಿನ ಸಾಬೂದಾನಿ ಅಥವಾ ಮೈದಾ ಕುದಿಸಿದ್ದು. ಗಂಜಿ ಹಾಕಿದ ಸೀರೆ ಹಲಗೆಯಂತೆ ಒಣಗುತ್ತದೆ. ನೀರು ಚಿಮುಕಿಸಿ, ಇಬ್ಬರು ತುದಿ ಹಿಡಿದು ಎಳೆದು, ಮಡಿಚಿ ಹಾಸಿಗೆಯ ಕೆಳಗಿಟ್ಟರೆ ಬೆಳಗ್ಗೆ ಗೆರೆ ಬಿದ್ದಿರುತ್ತದೆ. ಇಸ್ತ್ರಿ ಪೆಟ್ಟಿಗೆ ಇಲ್ಲದ ಮನೆಯಲ್ಲಿ ಹಿತ್ತಾಳೆಯ ಚೊಂಬಿಗೆ ಕೆಂಡ ತುಂಬಿ ಉಜ್ಜುತ್ತಿದ್ದರು.

ಒಗೆಯುವುದಕ್ಕಿಂತ ಚಿಕ್ಕ ಮನೆಯನ್ನು ಹೆಚ್ಚು ಕಾಡಿದ್ದು ಒಣಗಿಸುವುದು. ಆರು ಗಜದ ಸೀರೆ ಬಿಡಿಸಿದರೆ ಐದೂವರೆ ಮೀಟರ್. ಕಚ್ಚೆಯ ಇಳಕಲ್ ಸೀರೆ ಒಂಬತ್ತು ಗಜ, ಎಂಟು ಮೀಟರ್ ದಾಟುತ್ತದೆ. ನಡುಮನೆಯ ಉದ್ದ ಅಷ್ಟಿರುವುದಿಲ್ಲ. ಆದ್ದರಿಂದ ಸೀರೆಯನ್ನು ಮಡಿಕೆಯಾಗಿ ಹಾಕಬೇಕು, ಮಡಿಕೆ ಹೆಚ್ಚಿದಷ್ಟೂ ಒಳಗಿನ ಪದರ ಒಣಗದು. ಹೆಂಗಸರು ಇದಕ್ಕೆ ಕಂಡುಕೊಂಡ ಉಪಾಯಗಳಿವೆ. ಹಿಂಡಿದ ಕೂಡಲೇ ಝಾಡಿಸಿ ಕೊಡವಿದರೆ ತುಸು ನೀರು ಗಾಳಿಯಲ್ಲೇ ಹೋಗುತ್ತದೆ, ಸುಕ್ಕೂ ಬಿಡುತ್ತದೆ. ಹಗ್ಗದ ಒಂದು ತುದಿಯನ್ನು ಕಿಟಕಿಯ ಸರಳಿಗೂ ಇನ್ನೊಂದನ್ನು ಎದುರು ಗೋಡೆಯ ಮೊಳೆಗೂ ಮೂಲೆಯಿಂದ ಮೂಲೆಗೆ ಕಟ್ಟಿದರೆ ಒಂದೆರಡು ಅಡಿ ಹೆಚ್ಚು ಸಿಗುತ್ತದೆ. ಎರಡು ಹಗ್ಗ ಅಕ್ಕಪಕ್ಕ ಕಟ್ಟಿ ಸೀರೆಯನ್ನು ಎರಡರ ಮೇಲೂ ಹಾಸಿದರೆ ನಡುವೆ ಗಾಳಿ ಆಡುತ್ತದೆ. ತೆಂಗಿನ ನಾರಿನ ಹಗ್ಗ ಒದ್ದೆ ಬಿಳಿ ಬಟ್ಟೆಗೆ ಕಂದು ಗೆರೆ ಬಿಡುತ್ತಿತ್ತು, ತಂತಿ ತುಕ್ಕಿನ ಕಲೆ ಬಿಡುತ್ತಿತ್ತು. ನೈಲಾನ್ ಹಗ್ಗವೂ ಪ್ಲಾಸ್ಟಿಕ್ ಹೊದಿಸಿದ ತಂತಿಯೂ ಬಂದ ಮೇಲೆ ಈ ಕಾಟ ತಪ್ಪಿತು.

ಹಗ್ಗದ ಮೇಲೆ ಯಾವುದು ಎಲ್ಲಿ ಎಂಬುದಕ್ಕೂ ಕ್ರಮವಿತ್ತು. ಗಂಡಸರ ಪಂಚೆ, ಅಂಗಿಗೆ ಬಿಸಿಲು ಬೀಳುವ ಮುಂದಿನ ಜಾಗ. ಹೆಂಗಸರ ಒಳಉಡುಪು ಸೀರೆಯ ಮಡಿಕೆಯ ಕೆಳಗೆ. ಮುಟ್ಟಿನ ಬಟ್ಟೆಯನ್ನು ಎಲ್ಲರೂ ಮಲಗಿದ ಮೇಲೆ ಒಗೆದು, ಕೊಟ್ಟಿಗೆಯ ಮೂಲೆಯಲ್ಲೋ ಮಂಚದ ಅಡಿಯಲ್ಲೋ ಲಂಗದ ಮರೆಯಲ್ಲೋ ಒಣಹಾಕುತ್ತಿದ್ದರು. ಹಿಂದೆ ಅಗಸಗಿತ್ತಿ ಒಯ್ಯುತ್ತಿದ್ದ ಮನೆಗಳಲ್ಲೂ ಪಟ್ಟಣಕ್ಕೆ ಬಂದ ಮೇಲೆ ಇದು ಗುಟ್ಟಿನ ಕೆಲಸವಾಯಿತು. ಎಲ್ಲಕ್ಕಿಂತ ಹೆಚ್ಚು ಬಿಸಿಲು ಬೇಕಾಗಿದ್ದ ಬಟ್ಟೆಗೆ ಬಿಸಿಲೇ ದಕ್ಕಲಿಲ್ಲ. ಅರೆ ಒಣಗಿದ್ದನ್ನೇ ಮತ್ತೆ ಕಟ್ಟಿಕೊಂಡು ತುರಿಕೆ, ಸೋಂಕುಗಳನ್ನು ಬಾಯಿಬಿಡದೆ ಸಹಿಸಿದ ಹೆಂಗಸರ ತಲೆಮಾರುಗಳೇ ಕಳೆದುಹೋದವು. ಚಿಕ್ಕ ಮನೆಯ ಒಗೆತದಲ್ಲಿ ಇದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿಲ್ಲ.

ಮಳೆಗಾಲದಲ್ಲಿ ಎಲ್ಲ ಉಪಾಯಗಳೂ ಸೋಲುತ್ತವೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯಂಥ ಕಡೆ ಜೂನ್‌ನಿಂದ ತಿಂಗಳುಗಟ್ಟಲೆ ಬಿಸಿಲೇ ಕಾಣದು. ಅಲ್ಲಿ ಬಟ್ಟೆ ಒಣಗುವುದು ಬೆಂಕಿಯಿಂದ. ಬಚ್ಚಲೊಲೆಯ ಮೇಲೆ, ಅಡಿಕೆ ಒಣಗಿಸುವ ಅಟ್ಟದ ಕೆಳಗೆ ಬಿದಿರ ಗಳ ಕಟ್ಟಿ ಹಾಕುತ್ತಾರೆ. ಬಾಣಂತಿಯ ಮನೆಯಲ್ಲಿ ಕೆಂಡದ ಅಗ್ಗಿಷ್ಟಿಕೆಯ ಮೇಲೆ ಬಿದಿರ ಬುಟ್ಟಿಯನ್ನು ಬೋರಲು ಹಾಕಿ, ಅದರ ಮೇಲೆ ಕೂಸಿನ ಬಟ್ಟೆ ಹರವಿ, ಲೋಬಾನದ ಚೂರು ಹಾಕುತ್ತಾರೆ. ಬಟ್ಟೆ ಒಣಗುತ್ತದೆ, ಬೆಚ್ಚಗಾಗುತ್ತದೆ, ಘಮಿಸುತ್ತದೆ. ಮಲೆನಾಡಿನ ಶಾಲೆಯ ಮಕ್ಕಳ ಸಮವಸ್ತ್ರಕ್ಕೆ ಆಷಾಢದಲ್ಲಿ ಹೊಗೆಯ ವಾಸನೆ ಇದ್ದೇ ಇರುತ್ತದೆ. ಬೆಂಕಿಯೂ ಇಲ್ಲದ ಪಟ್ಟಣದ ಮನೆಯಲ್ಲಿ ಮೂರು ದಿನ ಒದ್ದೆಯಾಗಿ ನೇತಾಡುವ ಬಟ್ಟೆಗೆ ಮುಗ್ಗು ವಾಸನೆ ಹಿಡಿಯುತ್ತದೆ, ಹತ್ತಿಯ ಮೇಲೆ ಬೂಷ್ಟಿನ ಕರಿಚುಕ್ಕೆ ಏಳುತ್ತದೆ. ಆ ಚುಕ್ಕೆ ಯಾವ ಸೋಪಿಗೂ ಬಗ್ಗದು.

ಒಗೆತವನ್ನು ಪೂರ್ತಿ ಬಚ್ಚಲಿನೊಳಕ್ಕೆ ತಳ್ಳಿದ್ದು ಟೆರಿಲಿನ್ ಮತ್ತು ಡಿಟರ್ಜೆಂಟ್ ಪುಡಿ. 1960ರ ದಶಕದಲ್ಲಿ ಬರತೊಡಗಿದ ಟೆರಿಲಿನ್ ಎಂಬ ಪಾಲಿಯೆಸ್ಟರ್ ಅಂಗಿ ನೀರು ಕುಡಿಯುವುದಿಲ್ಲ, ನೆರಳಲ್ಲೇ ಒಣಗುತ್ತದೆ, ಗಂಜಿ ಬೇಡ, ಬಡಿಯುವುದು ಬೇಡ. ರಾತ್ರಿ ಒಗೆದು ಬೆಳಗ್ಗೆ ಹಾಕಿಕೊಳ್ಳುವ ಒಂದೇ ಅಂಗಿಯ ಗುಮಾಸ್ತನಿಗೆ ಅದು ವರವಾಯಿತು. ಪುಡಿ ಅದಕ್ಕಿಂತ ಮೊದಲೇ, 1959ರಲ್ಲಿ, ಸರ್ಫ್ ಹೆಸರಿನಲ್ಲಿ ಬಂದಿತ್ತು; ರಿನ್ ಬಾರ್ 1969ರಲ್ಲಿ ಬಂತು. ಅದೇ 1969ರಲ್ಲಿ ಅಹಮದಾಬಾದಿನಲ್ಲಿ ಕರ್ಸನ್‌ಭಾಯಿ ಪಟೇಲರು ಮನೆಯ ಹಿತ್ತಲಲ್ಲಿ ಬೆರೆಸಿ ಸೈಕಲ್ ಮೇಲೆ ಮಾರಿದ ನಿರ್ಮಾ, ಸರ್ಫಿನ ಬೆಲೆಯ ಮೂರರಲ್ಲೊಂದು ಪಾಲಿನ ಆಸುಪಾಸಿಗೆ ಸಿಕ್ಕು, 1980ರ ದಶಕದಲ್ಲಿ ಕರ್ನಾಟಕದ ಹಳ್ಳಿ ಅಂಗಡಿಗಳನ್ನೂ ಮುಟ್ಟಿತು. ಇಲ್ಲಿ ನೀರಿನ ಮಾತೂ ಇದೆ. ಕೋಲಾರ, ತುಮಕೂರು, ಚಿತ್ರದುರ್ಗದಲ್ಲಿ ಕೆರೆ ಬತ್ತಿ ಕೊಳವೆಬಾವಿ ಬಂದ ಮೇಲೆ ನೀರು ಗಡಸಾಯಿತು. ಗಡಸು ನೀರಿನಲ್ಲಿ ಬಾರ್ ಸೋಪು ನೊರೆ ಕೊಡದೆ ಮೊಸರಿನಂತೆ ಒಡೆದು ಬಟ್ಟೆಗೆ ಅಂಟುತ್ತದೆ. ಪುಡಿಗೆ ಆ ತೊಂದರೆ ಬಹಳ ಕಡಿಮೆ. ಬೋರ್ ನೀರಿನ ಊರುಗಳು ಪುಡಿಯ ಕಡೆ ತಿರುಗಿದ್ದಕ್ಕೆ ಜಾಹೀರಾತಿನ ಹಾಡಿನಷ್ಟೇ ಇದೂ ಕಾರಣ.

ಪುಡಿಯ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಬ್ರಷ್ ಉಜ್ಜಿ, ಮೂರು ನೀರಿನಲ್ಲಿ ಜಾಲಿಸುವುದೇ ಹೊಸ ಕ್ರಮ. ಕಲ್ಲಿನ ಬಡಿತ ನಿಂತಿತು, ನಿಂತು ಮಾಡುತ್ತಿದ್ದ ಕೆಲಸ ಕುಕ್ಕರುಗಾಲಿಗೆ ಬಂತು. ಮೂರಡಿ ಬಚ್ಚಲಲ್ಲಿ ಎರಡು ಪ್ಲಾಸ್ಟಿಕ್ ಬಕೀಟಿನ ನಡುವೆ ಬಗ್ಗಿ ಕೂತ ಬೆನ್ನಿನ ನೋವು, ಸದಾ ನೆಂದ ಬೆರಳಿನ ಉಗುರುಸುತ್ತು, ಪುಡಿಗೆ ಸಿಪ್ಪೆಯೇಳುವ ಅಂಗೈ ಈ ಕ್ರಮದ ಜೊತೆಗೇ ಬಂದವು. ತನ್ನ ಮನೆಯದನ್ನು ಮುಗಿಸಿ ಇನ್ನೂ ನಾಲ್ಕು ಮನೆಯ ಬಕೀಟು ಒಗೆಯುವ ಕೆಲಸದ ಹೆಂಗಸಿನ ಕೈಯಲ್ಲಿ ಅದು ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ. ಅಗಸರ ಮನೆತನಗಳು ಒಗೆತ ಬಿಟ್ಟು ಬೀದಿಬದಿಯ ಇಸ್ತ್ರಿ ಗಾಡಿಗೆ ಬಂದದ್ದೂ ಇದೇ ವರ್ಷಗಳಲ್ಲಿ. ಮಲ್ಲೇಶ್ವರದ ದೋಬಿಘಾಟಿನ ತೊಟ್ಟಿಗಳಿಗೆ ಉಳಿದದ್ದು ಹೆಚ್ಚಾಗಿ ಹೋಟೆಲಿನ ಹಾಸು, ಆಸ್ಪತ್ರೆಯ ಹೊದಿಕೆ.

ಒಗೆತ ಕೆರೆಯ ದಡ ಬಿಟ್ಟಿತಾದರೂ ಒಗೆದ ನೀರು ಕೆರೆಗೇ ಹೋಗುತ್ತದೆ. ಲಕ್ಷಾಂತರ ಬಚ್ಚಲುಗಳ ಪುಡಿನೀರು ಸಂಸ್ಕರಣೆಯಾಗದೆ ರಾಜಕಾಲುವೆ ಹಿಡಿದು ಬೆಂಗಳೂರಿನ ಬೆಳ್ಳಂದೂರು, ವರ್ತೂರು ಕೆರೆಗಳನ್ನು ಸೇರಿತು. ಕೋಡಿಯಲ್ಲಿ ಬೀಳುವ ನೀರು ಕಡೆದಂತಾಗಿ ಎದ್ದ ನೊರೆ 2015ರಿಂದೀಚೆಗೆ ಆಳೆತ್ತರಕ್ಕೆ ಬೆಳೆದು, ಗಾಳಿಗೆ ಹಾರಿ ರಸ್ತೆಯ ಮೇಲೆ ಬಿತ್ತು. ಒಂದು ಕಾಲಕ್ಕೆ ಕಲ್ಲು ಹಾಕಿ ಬಟ್ಟೆ ಒಗೆದ ದಡದಲ್ಲೇ ನೊರೆ ತಡೆಯಲು ಬೇಲಿ ಕಟ್ಟಬೇಕಾಯಿತು.

ಈಗಿನ ಚಿಕ್ಕ ಫ್ಲಾಟುಗಳಲ್ಲಿ ಗಳ ಮತ್ತೆ ಸೂರಿಗೆ ಏರಿದೆ. ರಾಟೆಗೆ ಹಗ್ಗ ಪೋಣಿಸಿದ ಸ್ಟೀಲ್ ಕೊಳವೆಗಳನ್ನು ಇಳಿಸಿ, ಬಟ್ಟೆ ಹಾಕಿ, ಎಳೆದು ಮೇಲೇರಿಸಿದರೆ ಮಡಿಕೋಲಿನ ಕೆಲಸ ಮುಗಿಯುತ್ತದೆ. ಎಷ್ಟೋ ಕಟ್ಟಡಗಳಲ್ಲಿ ಬಾಲ್ಕನಿಯ ಕಂಬಿಯ ಮೇಲೆ ಬಟ್ಟೆ ಹಾಕಬಾರದೆಂಬ ನಿಯಮವಿದೆ, ಹೀಗಾಗಿ ಸೀರೆ ಪುನಃ ಮಡಿಕೆಯಲ್ಲೇ ಒಣಗುತ್ತದೆ. ಸ್ವಂತ ಮನೆ ಕಟ್ಟುವವರು ಮೈಸೂರು, ತುಮಕೂರು, ಹಾಸನದಲ್ಲಿ ಯಂತ್ರಕ್ಕೆ ಜಾಗ ಬಿಟ್ಟ ಮೇಲೂ ತಾರಸಿಯ ಮೂಲೆಯಲ್ಲಿ ಒಂದು ನಲ್ಲಿ ಹಾಕಿಸಿ, ಅದರ ಕೆಳಗೆ ಸ್ವಲ್ಪ ಇಳಿಜಾರಾಗಿ ಒಂದು ಚಪ್ಪಡಿ ಕೂರಿಸುತ್ತಾರೆ. ಶಾಲೆಯ ಬಿಳಿ ಅಂಗಿಯ ಕಾಲರಿನ ಕಪ್ಪುಗೆರೆಯನ್ನು ಮೊದಲು ಆ ಕಲ್ಲಿನ ಮೇಲೆ ಉಜ್ಜಿ, ಆಮೇಲೆ ಯಂತ್ರಕ್ಕೆ ಹಾಕುತ್ತಾರೆ.